ಅಳತೆ ರವಿಕೆ ಆರಿಸಿದ ಕಾರು

ಒಂದಾನೊಂದು ಊರಿನಲ್ಲಿ ಹಪ್ಪಳದ ಚೆನ್ನಾಜಮ್ಮ ಅಂತ ಒಬ್ಬಳಿದ್ದಳು. ಊರಿನ ಹೆಸರು ಮೊಳದೂರು. ಹತ್ತಿರ ಬನ್ನಿ, ಬೆಂಕಿ ಆರೋ ಹಾಗಿದೆ, ಒಂದು ಸೌದೆ ಒಳಕ್ಕೆ ತಳ್ಳಿ. ಮಧ್ಯೆ ಮಧ್ಯೆ ಹೂಂ ಅನ್ನಬೇಕು. ಅನ್ನದಿದ್ದರೆ ಎದ್ದು ಹೋಗ್ತೀನಿ. ನನಗೆ ಮೊದಲೇ ಸಿಟ್ಟು ಜಾಸ್ತಿ, ಈ ಕತೆ ಹೇಳುವಾಗಂತೂ ಇನ್ನೂ ಜಾಸ್ತಿ.

ಆ ಮೊಳದೂರಿನಲ್ಲಿ ಒಂದು ಪದ್ಧತಿ. ಯಾರಿಗಾದರೂ ಏನಾದರೂ ಕೊಳ್ಳಬೇಕಾದರೆ ಅವರು ಹೋಗುವ ಹಾಗಿಲ್ಲ, ಅವರ ಅಳತೆ ಹೋಗಬೇಕು. ಬಳೆ ಬೇಕೇ, ಹಳೇ ಬಳೆ ಹೋಗುತ್ತೆ. ಚಪ್ಪಲಿ ಬೇಕೇ, ಹಳೇ ಚಪ್ಪಲಿ ಹೋಗುತ್ತೆ. ಹೆಣ್ಣು ನೋಡಬೇಕೇ, ಹುಡುಗನ ಅಳತೆ ಅಂಗಿ ಹೋಗಿ ಚಾಪೆ ಮೇಲೆ ಕೂತು ಉಪ್ಪಿಟ್ಟು ತಿಂದು ಬರುತ್ತೆ. ಹುಡುಗ ಬರೀ ಮೈಯಲ್ಲಿ ಮನೇಲಿ ಕೂತು, ಹೆಣ್ಣು ಹೇಗಿದ್ದಾಳೆ ಅಂತ ಅಂಗಿಯನ್ನ ವಿಚಾರಿಸಬೇಕು.

ಯಾಕೆ ಹೀಗೆ ಅಂತೀರಾ? ಹಿಂದೆ ಯಾವನೋ ಒಬ್ಬ ಚಪ್ಪಲಿ ಕೊಳ್ಳೋಕೆ ತಾನೇ ನಡೆದು ಹೋದನಂತೆ. ನಡೆದೂ ನಡೆದೂ ಕಾಲು ಊದಿತ್ತು. ಊದಿದ ಕಾಲಿಗೆ ಸರಿಯಾದ ಚಪ್ಪಲಿ ತಂದ. ಬೆಳಗ್ಗೆ ಊತ ಇಳೀತು, ನೀರು ಸೇದುವಾಗ ಚಪ್ಪಲಿ ಜಾರಿ ಬಾವಿಗೆ ಬಿತ್ತು. ಊರ ಹಿರಿಯರು ಸೇರಿ, ಬೆಳಗ್ಗೆ ಇದ್ದ ಮನುಷ್ಯ ಸಂಜೆಗೆ ಬೇರೆ ಆಗಿರ್ತಾನೆ, ಅವನ ಅಳತೆ ಮಾತ್ರ ಇದ್ದ ಹಾಗೇ ಇರುತ್ತೆ ಅಂತ ತೀರ್ಮಾನ ಮಾಡಿದರು. ಅವತ್ತಿಂದ ಆ ರಾಜ್ಯದಲ್ಲೆಲ್ಲ ಮನುಷ್ಯರನ್ನ ಕೇಳೋದೇ ನಿಂತುಹೋಯಿತು. ಬಾವಿಗೆ ಬಿದ್ದದ್ದು ಚಪ್ಪಲಿ, ಕೆಟ್ಟದ್ದು ಬುದ್ಧಿ. ಆದರೆ ನನ್ನ ಮಾತು ಯಾರು ಕೇಳ್ತಾರೆ?

ಚೆನ್ನಾಜಮ್ಮನಿಗೆ ಬೆನ್ನುನೋವು. ಸುಮ್ಮನೆ ಬಂದ ನೋವಲ್ಲ. ಮದುವೆಯಾಗಿ ಬಂದಾಗಿನಿಂದ ಕೆಳಗೆ ಕೂತು, ಮುಂದಕ್ಕೆ ಬಾಗಿ, ಊರಿಗೆಲ್ಲ ಹಪ್ಪಳ ಲಟ್ಟಿಸಿದ್ದಳು. ಮದುವೆಮನೆ ಹಪ್ಪಳ ಅವಳದ್ದೇ, ತಿಥಿಮನೆ ಹಪ್ಪಳವೂ ಅವಳದ್ದೇ. ಊರಿನವರು ಕುರುಂ ಕುರುಂ ಅಂತ ತಿಂದರು, ಇವಳ ಬೆನ್ನು ಕುರುಂ ಕುರುಂ ಅಂತ ಸವೆಯಿತು. ಈಗ ಎದ್ದರೆ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ನಿಂತರೆ ತಡೆದುಕೊಳ್ಳಬಹುದು. ಕೂತರೆ ಮಾತ್ರ ಜೀವ ಹೋಗುತ್ತೆ.

ಅವಳಿಗೊಬ್ಬ ತಂಗಿ, ತಾಯಮ್ಮ. ಬೆಟ್ಟದ ಆಚೆ ಮಗ್ಗುಲಿನ ಗೇಣೂರಿಗೆ ಕೊಟ್ಟಿದ್ದರು. ಅವಳಿಗೂ ಬೆನ್ನುನೋವೇ. ಅವಳು ಅಲ್ಲಿ ಶ್ಯಾವಿಗೆ ಒತ್ತುವವಳು. ಬೆಟ್ಟದ ಬಸ್ಸಿನ ಸೀಟಿನಲ್ಲಿ ಅಕ್ಕನೂ ಕೂರಲಾರಳು, ತಂಗಿಯೂ ಕೂರಲಾರಳು. ಹಾಗಾಗಿ ಮುಖ ನೋಡಿ ವರ್ಷಗಳೇ ಆಗಿದ್ದವು. ಚೆನ್ನಾಜಮ್ಮನಿಗೆ ಗಂಡ ಇದ್ದ, ನಾದಿನಿ ಇದ್ದಳು, ಊರೆಲ್ಲ ಇತ್ತು. ಆದರೆ ಹೊಟ್ಟೆ ಹಿಡಿದುಕೊಂಡು ನಗಬೇಕಾದರೆ ಅವಳಿಗೆ ತಾಯಮ್ಮನೇ ಬೇಕು. ಇಬ್ಬರೂ ಎದುರುಬದುರು ಕೂತು ಒಂದೊಂದು ಲೋಟ ಕಾಫಿ ಕುಡಿದು, ಸತ್ತುಹೋದ ಸೋದರತ್ತೆಯ ನಡಿಗೆಯನ್ನ ಅಣಕಿಸಿ ನಗಬೇಕು. ಅವಳಿಗಿದ್ದ ಆಸೆ ಅಷ್ಟೇ.

ಹೂಂ ಅನ್ನಿ ಅಂದೆನಲ್ಲ.

ಒಂದು ದಿನ ಚೆನ್ನಾಜಮ್ಮ ಲಟ್ಟಣಿಗೆ ಕೆಳಗಿಟ್ಟಳು. ಗಂಡ ಕೆಂಚರಾಜಪ್ಪನನ್ನ ಕರೆದು, ಹಪ್ಪಳದ ದುಡ್ಡಿನಲ್ಲಿ ಒಂದು ಕಾರು ತಗೊಳ್ಳೋಣ, ದೊಡ್ಡದು ಬೇಡ, ಬಣ್ಣ ಹೇಗಾದರೂ ಇರಲಿ, ಬೆನ್ನಿಗೆ ಹಿತವಾದ ಸೀಟಿರಬೇಕು, ತಂಗಿ ಮನೆಗೆ ಹೋಗಬೇಕು ಅಂದಳು. ಕೆಂಚರಾಜಪ್ಪ ಒಳ್ಳೆಯವನು. ಯಾರು ಏನು ಹೇಳಿದರೂ ಹೌದು ಅನ್ನುವಷ್ಟು ಒಳ್ಳೆಯವನು. ಇದಕ್ಕೂ ಹೌದು ಅಂದ. ಚೆನ್ನಾಜಮ್ಮ ಸೀರೆ ಬದಲಾಯಿಸಿ, ತಲೆ ಬಾಚಿ, ಹೊರಡೋಕೆ ಸಿದ್ಧಳಾಗಿ ಬಾಗಿಲಿಗೆ ಬಂದಳು.

ಬಾಗಿಲಲ್ಲಿ ನಾದಿನಿ ಪುಟ್ಟಲಕ್ಷ್ಮಮ್ಮ ಅಡ್ಡ ನಿಂತಿದ್ದಳು. ಈಕೆಗೆ ಗೊತ್ತಿಲ್ಲದ ವಿಷಯ ಭೂಮಿ ಮೇಲಿಲ್ಲ. ಅತ್ತಿಗೆ ಎಲ್ಲಿಗೆ ಹೊರಟಿರಿ ಅಂತ ಕೇಳಿದಳು. ಕಾರು ನೋಡೋಕೆ ಅಂದಳು ಚೆನ್ನಾಜಮ್ಮ.

"ನೀವು ಹೋದ್ರೆ ಹೇಗೆ ಅತ್ತಿಗೆ? ನಿಮಗೆ ಬೆನ್ನುನೋವು. ನೋಯೋ ಬೆನ್ನಲ್ಲಿ ಕೂತ್ರೆ ಎಲ್ಲಾ ಸೀಟೂ ನೋಯುತ್ತೆ. ಪಾಪ, ಒಳ್ಳೇ ಕಾರಿಗೆಲ್ಲ ಕೆಟ್ಟ ಹೆಸರು ಬರುತ್ತೆ," ಅಂದಳು ಪುಟ್ಟಲಕ್ಷ್ಮಮ್ಮ.

ಕೆಂಚರಾಜಪ್ಪ ಇದಕ್ಕೂ ಹೌದು ಅಂದ. ನೋವಿರೋದು ನನಗೆ, ಕೂರೋಳು ನಾನು, ದುಡ್ಡು ನಂದು ಅಂತ ಚೆನ್ನಾಜಮ್ಮ ಹೇಳಿದಳು. ಅದಕ್ಕೇ ನೀವು ಬರಬಾರದು ಅಂದಳು ನಾದಿನಿ. ಅಂದವಳೇ ಒಳಗೆ ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದು, ತಳದಲ್ಲಿದ್ದ ಅಳತೆ ರವಿಕೆ ತೆಗೆದಳು. ಚೆನ್ನಾಜಮ್ಮನ ಮದುವೆಗೆ ಹೊಲಿಸಿದ್ದು, ಗಿಳಿ ಹಸಿರು, ಜರಿ ಅಂಚು. ಅವತ್ತಿಂದ ಇವತ್ತಿನವರೆಗೂ ದರ್ಜಿ ಹತ್ತಿರ ಅದೇ ಹೋಗುತ್ತಿತ್ತು. ದರ್ಜಿ ಅದನ್ನ ನೋಡಿ ಹೊಲಿದು, ಆಮೇಲೆ ಯಾರಿಗೂ ಹೇಳದೆ ಎರಡು ಕಡೆ ಹೊಲಿಗೆ ಬಿಚ್ಚಿ ಕೊಡುತ್ತಿದ್ದ. ಅಂಥ ಅಳತೆ ಅದು.

ರವಿಕೆ ಎರಡು ತೋಳೂ ಚಾಚಿ ಮೈಮುರಿಯಿತು. ನುಸಿಗುಳಿಗೆ ವಾಸನೆ ಮನೆಯೆಲ್ಲ ಹರಡಿತು. ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಅಂತ ಕೇಳಿತು. ಕಾರಂಗಡಿಗೆ ಅಂದರು. ಅದು ಹುಕ್ಕು ಹಾಕಿಕೊಂಡು ಹೊರಟೇಬಿಟ್ಟಿತು. ಚೆನ್ನಾಜಮ್ಮ ತಲೆ ಬಾಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ನನಗೆ ಮೈ ಉರಿಯುವುದು ಅದಕ್ಕೇ. ತಲೆ ಬೇರೆ ಬಾಚಿಕೊಂಡಿದ್ದಳು.

ಕಾರಂಗಡಿ ಯಜಮಾನ ರುದ್ರಮುನಿ ಅವರನ್ನೆಲ್ಲ ಕೂರಿಸಿ ಕಾಫಿ ಕೊಟ್ಟ. ರವಿಕೆಗೆ ಬೇರೆ ಲೋಟ. ಆಮೇಲೆ ಒಂದೊಂದೇ ಕಾರನ್ನ ತೋರಿಸಿದ. ಪುಟ್ಟಲಕ್ಷ್ಮಮ್ಮ ಹೆಣ್ಣು ನೋಡೋಕೆ ಹೋದವಳ ಹಾಗೆ ಪ್ರತಿ ಕಾರಿಗೂ ಒಂದು ಹಾರನ್ ಹೊಡೆಯಮ್ಮಾ ಅಂದಳು, ನಾಲ್ಕು ಹೆಜ್ಜೆ ನಡೆದು ತೋರಿಸಮ್ಮಾ ಅಂದಳು, ಗೇರು ಹಾಕುವಾಗ ಗೊಣಗೋ ಅಭ್ಯಾಸ ಇದೆಯಾ ಅಂತ ಕೇಳಿದಳು. ಕಾರುಗಳು ತಲೆತಗ್ಗಿಸಿ ಉತ್ತರ ಹೇಳಿದವು.

ಮೊದಲನೇದು ಬಿಳಿ ಕಾರು. ಅದರ ಸೀಟಿನ ಮೇಲೆ ರವಿಕೆಯನ್ನ ಕೂರಿಸಿದರು. ಇಲ್ಲಿ ಕನ್ನಡಿ ಇಲ್ಲ, ನನ್ನ ಅಂಚು ನನಗೇ ಕಾಣಲ್ಲ ಅಂತ ಅದು ಎದ್ದುಬಂತು. ಎರಡನೇದು ಬೂದಿ ಬಣ್ಣದ ಕಾರು. ಅದರ ಸೀಟು ಎಷ್ಟು ಒಳ್ಳೇ ಸೀಟು ಗೊತ್ತಾ? ಬೆನ್ನಿನ ಕೆಳಭಾಗಕ್ಕೆ ಸರಿಯಾಗಿ ಕೈ ಕೊಟ್ಟು ಹಿಡಿದ ಹಾಗೆ ಹಿಡಿಯೋ ಸೀಟು. ರವಿಕೆ ಕೂತು, ಕೆಳಗೇನೋ ಇದೆ, ನನಗೆ ಅದು ತಾಕೋದೇ ಇಲ್ಲ, ನನಗ್ಯಾಕೆ ಇದು ಅಂತ ಎದ್ದುಬಂತು. ಮೂರನೇದು ಬದನೇಕಾಯಿ ಬಣ್ಣದ ಕಾರು. ಗಾಜಿನ ಗೋಡೆ ಪಕ್ಕ ನಿಂತಿತ್ತು. ಸೀಟು ಹಲಗೆ, ಮಧ್ಯೆ ಒಂದು ಉಬ್ಬು. ಆದರೆ ಅಲ್ಲಿಗೆ ಬಿಸಿಲು ಬೀಳುತ್ತಿತ್ತು. ವರ್ಷಾನುಗಟ್ಟಲೆ ಟ್ರಂಕಿನ ಕತ್ತಲಲ್ಲಿದ್ದ ರವಿಕೆಗೆ ಬಿಸಿಲು ಬಿದ್ದರೆ ಸಾಕಲ್ಲ?

"ಹಾಯಾಗಿದೆ. ಇದೇ ಇರಲಿ," ಅಂತು ರವಿಕೆ.

ಬೆನ್ನು ನೋಯ್ತಿದೆಯಾ ಅಂತ ಕೆಂಚರಾಜಪ್ಪ ಕೇಳಿದ. ಒಂಚೂರೂ ಇಲ್ಲ ಅಂತು. ಕೇಳಿಸ್ಕೊಂಡ್ಯಾ ಅಣ್ಣ, ಅತ್ತಿಗೆ ಬಂದಿದ್ರೆ ಹೀಗೆ ಹೇಳ್ತಿದ್ರಾ ಅಂದಳು ಪುಟ್ಟಲಕ್ಷ್ಮಮ್ಮ. ವ್ಯಾಪಾರ ಕುದುರಿತು.

ಕಾರು ಮನೆಗೆ ಬಂತು. ಮುಂದಿನ ಸೀಟಿನಲ್ಲಿ ರವಿಕೆ ಬೆಲ್ಟು ಹಾಕಿಕೊಂಡು ಕೂತಿತ್ತು. ಕುಂಬಳಕಾಯಿ ಒಡೆದರು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದರು. ಎಲ್ಲ ಮುಗಿದ ಮೇಲೆ ಚೆನ್ನಾಜಮ್ಮ ನಿಧಾನವಾಗಿ ಬಂದು, ರವಿಕೆಯನ್ನ ಎತ್ತಿ ಪಕ್ಕಕ್ಕಿಟ್ಟು, ಬಾಗಿಲು ಹಿಡಿದುಕೊಂಡು ಕೂತಳು. ಸೀಟಿನ ಉಬ್ಬು ನೋವಿರೋ ಜಾಗಕ್ಕೇ ಬಂದು ಗುದ್ದಿತು. ಕಣ್ಣಲ್ಲಿ ನೀರು ಬಂತು. ಹಲ್ಲು ಕಚ್ಚಿ ಹಿಡಿದಳು.

ಕಾರು, ಯಾರಮ್ಮ ನೀವು, ಕೇಳದೆ ಕೂರ್ತೀರಲ್ಲ ಅಂತು. ನಾನು ಚೆನ್ನಾಜಮ್ಮ ಅಂದಳು. ಚೆನ್ನಾಜಮ್ಮ ನನ್ನನ್ನ ಆಗಲೇ ನೋಡಿ ಒಪ್ಪಿಕೊಂಡು ಕರ್ಕೊಂಡು ಬಂದಿದ್ದಾರೆ, ಹಸಿರಾಗಿದ್ದಾರೆ, ಜರಿ ಅಂಚಿದೆ, ನೀವು ಇಳೀರಿ ಅಂತು ಕಾರು. ಚೆನ್ನಾಜಮ್ಮ ಇಳಿದಳು. ಕಾರಿನ ಮಾತಿಗೆ ಹೆದರಿ ಅಲ್ಲ, ನೋವು ತಡೆಯಲಾರದೆ.

ಇದನ್ನ ವಾಪಸ್ಸು ಮಾಡಿ ಅಂತ ಗಂಡನಿಗೆ ಹೇಳಿದಳು. ಕೆಂಚರಾಜಪ್ಪ ಹೋಗಿ ರುದ್ರಮುನಿಯನ್ನ ಕೇಳಿದ. ಆರಿಸಿದವರು ಬಂದು ಬೇಡ ಅಂದರೆ ವಾಪಸ್ಸು ತಗೊಳ್ತೀನಿ ಅಂದ ರುದ್ರಮುನಿ. ಆರಿಸಿದ್ದು ರವಿಕೆ. ರವಿಕೆ ಬೇಡ ಅನ್ನಲಿಲ್ಲ.

ಪುಟ್ಟಲಕ್ಷ್ಮಮ್ಮನ ಹತ್ತಿರ ಇದಕ್ಕೂ ಉಪಾಯ ಇತ್ತು. ಸೀಟು ರವಿಕೆಗೆ ಸರಿಯಾಗಿದೆ. ಅತ್ತಿಗೆ ರವಿಕೆಗೆ ಸರಿಯಾದರೆ ಸೀಟಿಗೂ ಸರಿಯಾದ ಹಾಗೇ. ಕೆಟ್ಟಿರೋದು ಕಾರಲ್ಲ, ಅತ್ತಿಗೆ. ಹಾಗಂತ ಹೇಳಿ ಅಣ್ಣತಂಗಿ ಸೇರಿ ಚೆನ್ನಾಜಮ್ಮನನ್ನ ಆ ರವಿಕೆಯೊಳಗೆ ತುರುಕೋಕೆ ನೋಡಿದರು. ಒಂದು ತೋಳು ಮೊಣಕೈಯವರೆಗೆ ಹೋಯಿತು, ಅಲ್ಲೇ ನಿಂತಿತು. ರವಿಕೆ ಅಯ್ಯೋ ಹರಿದುಹೋಗ್ತೀನಿ ಅಂತ ಕೂಗಿಕೊಂಡಿತು. ತಕ್ಷಣ ಇಬ್ಬರೂ ಕೈ ಬಿಟ್ಟು, ಅದಕ್ಕೆ ಗಾಳಿ ಹಾಕಿದರು. ಚೆನ್ನಾಜಮ್ಮನ ತೋಳು ಕೆಂಪಗೆ ಊದಿತ್ತು. ಅದಕ್ಕೆ ಯಾರೂ ಗಾಳಿ ಹಾಕಲಿಲ್ಲ.

ಅವಳು ಮಣೆ ಮುಂದೆ ಹೋಗಿ ಕೂತು ಹಪ್ಪಳ ಲಟ್ಟಿಸಿದಳು. ಸಿಟ್ಟಿಗೆ ಹಪ್ಪಳ ಎಷ್ಟು ತೆಳ್ಳಗಾದವು ಅಂದರೆ, ಬಿಸಿಲಿಗೆ ಹಾಕಿದರೆ ನೆರಳೇ ಬೀಳಲಿಲ್ಲ.

ಅವತ್ತಿಂದ ದಿನಾ ಸಂಜೆ ಕೆಂಚರಾಜಪ್ಪ ರವಿಕೆಯನ್ನ ಕೂರಿಸಿಕೊಂಡು ಊರು ಸುತ್ತಿಸೋದು ಶುರುವಾಯಿತು. ಕಾರು ತಂದ ಮೇಲೆ ಚೆನ್ನಾಜಮ್ಮನನ್ನ ಸುತ್ತಿಸಬೇಕಲ್ಲ ಅಂತ ಅವನ ಲೆಕ್ಕ. ದಾರಿಯಲ್ಲಿ ಸಿಕ್ಕಿದವರೆಲ್ಲ ಬಗ್ಗಿ, ಚೆನ್ನಾಜಮ್ಮನೋರೇ, ಬೆನ್ನು ಹೇಗಿದೆ ಅಂತ ವಿಚಾರಿಸುವರು. ಹಾಯಾಗಿದೆ ಅನ್ನುವುದು ರವಿಕೆ. ಸದ್ಯ, ಹುಷಾರಾದರಲ್ಲ ಅಂತ ಊರಿಗೆ ಊರೇ ಸಂತೋಷಪಟ್ಟಿತು. ಹುಷಾರಾದ ಖುಷಿಗೆ ಎಲ್ಲರೂ ಇನ್ನಷ್ಟು ಹಪ್ಪಳ ಬೇಕು ಅಂದರು. ಯಾರಿಗೆ ಹೇಳಿಕೊಂಡು ಅಳೋಣ?

ಇಷ್ಟನ್ನೆಲ್ಲ ಚೆನ್ನಾಜಮ್ಮ ತಡೆದುಕೊಂಡಳು. ಒಂದು ಭಾನುವಾರ ಕಾರು ಬೆಳಗ್ಗೆ ಹೋದದ್ದು ಸಂಜೆ ಬಂತು. ಕೆಂಚರಾಜಪ್ಪ ನಗುತ್ತಾ ಇಳಿದ. ಎಲ್ಲಿಗೆ ಹೋಗಿದ್ರಿ ಅಂತ ಕೇಳಿದಳು.

"ಗೇಣೂರಿಗೆ. ನಿನ್ನ ತಂಗಿ ಮನೆಗೆ. ಪಾಪ, ಎಷ್ಟು ವರ್ಷದಿಂದ ಆಸೆ ಇತ್ತಲ್ಲ ನಿನಗೆ. ಇವತ್ತು ತೀರಿಸಿಬಿಟ್ಟೆ ಕಣೆ," ಅಂದ.

ಚೆನ್ನಾಜಮ್ಮ ಗೋಡೆ ಹಿಡಿದುಕೊಂಡಳು. ಅವನು ಹೇಳುತ್ತಲೇ ಇದ್ದ. ರವಿಕೆ ಬೆಟ್ಟ ಹತ್ತುವಾಗ ಕಿಟಕಿಯಿಂದ ತೋಳು ಆಚೆ ಹಾಕಿ ಗಾಳಿ ಕುಡಿಯಿತಂತೆ. ಅಲ್ಲಿ ತಾಯಮ್ಮನ ಅಳತೆ ರವಿಕೆ, ಹಳದಿಯದು, ಜಗುಲಿಗೇ ಬಂದು ಎದುರುಗೊಂಡಿತಂತೆ. ಎರಡೂ ಎದುರುಬದುರು ಕೂತು ಕಾಫಿ ಕುಡಿದವಂತೆ. ಹೊಟ್ಟೆ ಹಿಡಿದುಕೊಂಡು ನಕ್ಕವಂತೆ.

"ತಾಯಮ್ಮ ಹೇಗಿದ್ದಾಳೆ?" ಅಂತ ಚೆನ್ನಾಜಮ್ಮ ಕೇಳಿದಳು.

"ಅವಳು ಕಾಣಲಿಲ್ಲ. ರವಿಕೆ ಇತ್ತಲ್ಲ, ನಾನೂ ಕೇಳೋಕೆ ಹೋಗಲಿಲ್ಲ."

ಹೂಂ ಅನ್ನೋದು ಬೇಡ, ಈಗ ಸುಮ್ಮನಿರಿ. ಚೆನ್ನಾಜಮ್ಮನಿಗೆ ಬಂದ ಸಿಟ್ಟು ಎಂಥದ್ದು ಅಂದರೆ, ಬರೀ ಹೇಳೋ ನನಗೇ ಈ ಸೌದೆ ಮುರಿದು ಹಾಕೋಣ ಅನ್ನಿಸುತ್ತೆ. ಅವಳ ನೋವು ತಿಂದರು, ಹೋಗಲಿ. ಅವಳ ದುಡ್ಡು ತಿಂದರು, ಹೋಗಲಿ. ಅವಳ ನಗುವನ್ನೂ ಒಂದು ಬಟ್ಟೆಗೆ ಕೊಟ್ಟುಬಿಟ್ಟರಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಅರಮನೆಗೆ ನಡೆದಳು.

ಅರಮನೆ ಮೆಟ್ಟಿಲ ಮೇಲೆ ಬನಿಯನ್ನು ಹಾಕಿಕೊಂಡ ಒಬ್ಬ ಬಡಕಲು ಮುದುಕ ಕೂತು ಅವರೆಕಾಯಿ ಸುಲಿಯುತ್ತಿದ್ದ. ರಾಜರು ಎಲ್ಲಿ ಅಂತ ಕೇಳಿದಳು. ನಾನೇ ರಾಜ ಅಂದ. ಹಾಗಾದರೆ ನನಗೊಂದು ನ್ಯಾಯ ಹೇಳಿ ಅಂದಳು. ಅದು ನನ್ನ ಕೈಲಾಗಲ್ಲ ತಾಯಿ, ಒಳಗೆ ಸಿಂಹಾಸನದ ಮೇಲೆ ನನ್ನ ಅಳತೆ ನಿಲುವಂಗಿ ಕೂತಿದೆ, ಪಟ್ಟ ಕಟ್ಟಿದ ದಿನದಿಂದ ಅದೇ ರಾಜ್ಯ ಆಳ್ತಿದೆ, ಬಿಸಿ ಊಟವೂ ಅದಕ್ಕೇ ಹೋಗುತ್ತೆ ಅಂದ. ಅಂದು ಒಂದು ಹಸಿ ಅವರೆಕಾಳನ್ನ ಬಾಯಿಗೆ ಹಾಕಿಕೊಂಡ.

ಒಳಗೆ ಹೋದರೆ ಸಿಂಹಾಸನದ ಮೇಲೆ ನಿಲುವಂಗಿ. ಗುಂಡಿಯಿಂದ ಗುಂಡಿಯವರೆಗೆ ಗಂಭೀರವಾಗಿ ಕೂತಿತ್ತು. ಅಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಕಾರಿನಲ್ಲೇ ರವಿಕೆಯನ್ನ ಕರೆತಂದಿದ್ದಳು. ಕೆಂಚರಾಜಪ್ಪನೂ ಹಿಂದೆ ನಿಂತಿದ್ದ. ನಿಲುವಂಗಿ ವಿಚಾರಣೆ ಮಾಡಿತು. ನಿನಗೆ ಬೆನ್ನು ನೋಯುತ್ತಾ ಅಂತ ರವಿಕೆಯನ್ನ ಕೇಳಿತು. ಇಲ್ಲ ಅಂತು ರವಿಕೆ. ನಿನಗೆ ಅಂತ ಚೆನ್ನಾಜಮ್ಮನನ್ನ ಕೇಳಿತು. ಹೌದು ಅಂದಳು.

ನಿಲುವಂಗಿ ತೀರ್ಪು ಕೊಟ್ಟಿತು. ಕಾರು ತಂದದ್ದು ಬೆನ್ನುನೋವು ಹೋಗಲಿ ಅಂತ. ಯಾರಿಗೆ ಹೋಗಿದೆಯೋ ಅವರೇ ಚೆನ್ನಾಜಮ್ಮ. ಇನ್ನೂ ನೋಯುತ್ತೆ ಅನ್ನುವವಳು, ಚೆನ್ನಾಜಮ್ಮನನ್ನ ಕತ್ತರಿಸಿ ಹೊಲಿದ ಮೇಲೆ ಮಿಕ್ಕಿದ ತುಂಡು. ಈಗ ಆ ಮನೆಯಲ್ಲಿ ಒಂದು ಟ್ರಂಕು ಖಾಲಿ ಬಿದ್ದಿದೆ. ಖಾಲಿ ಟ್ರಂಕು ಮನೆಗೆ ಒಳ್ಳೇದಲ್ಲ. ಆದ್ದರಿಂದ ಮಿಕ್ಕಿದ್ದನ್ನ ನಾಲ್ಕು ಮಡಿಕೆ ಮಡಚಿ, ನುಸಿಗುಳಿಗೆ ಹಾಕಿ, ನಾಳೆಯೊಳಗೆ ಟ್ರಂಕಿನಲ್ಲಿಡತಕ್ಕದ್ದು. ಅರಮನೆ ಜವಾನ ಬಂದು ನೋಡಿಕೊಂಡು ಹೋಗತಕ್ಕದ್ದು.

ಕೂರಲಾಗದ, ಬಾಗಲಾಗದ ಬೆನ್ನನ್ನ ನಾಲ್ಕು ಮಡಿಕೆ. ಕೇಳಿದಿರಾ?

ಚೆನ್ನಾಜಮ್ಮ ಅಳಲಿಲ್ಲ. ಕೂಗಾಡಲಿಲ್ಲ. ಆಗಲಿ ಅಂದಳು. ಮನೆಗೆ ಬಂದು ಒಲೆ ಹಚ್ಚಿದಳು. ಸಾರು ಕುದಿಸಿ ಒಗ್ಗರಣೆ ಕೊಟ್ಟಳು. ಹುರುಳಿಕಾಯಿ ಪಲ್ಯ ಮಾಡಿದಳು. ಹಪ್ಪಳ ಕರಿದಳು. ಆ ವಾಸನೆಗೆ ಬೀದಿಯವರೆಲ್ಲ ತಲೆ ಎತ್ತಿ ನೋಡಿದರು. ಕೆಂಚರಾಜಪ್ಪ ಕೈಕಾಲು ತೊಳೆದುಕೊಂಡು ಬಂದು ಎಲೆ ಮುಂದೆ ಕೂತ. ಊಟಕ್ಕೂ ರಾತ್ರಿಗೂ ಅಲ್ಲೇ ಉಳಿದ ಪುಟ್ಟಲಕ್ಷ್ಮಮ್ಮ ಪಕ್ಕದಲ್ಲಿ ಕೂತಳು.

ಚೆನ್ನಾಜಮ್ಮ ಬೀರು ತೆಗೆದು ಗಂಡನ ಅಳತೆ ಅಂಗಿ ತಂದಳು. ಅವನಿಗೆ ಸ್ವಲ್ಪ ಸರೀರಿ ಅಂದು, ಎಲೆ ಮುಂದೆ ಅಂಗಿಯನ್ನ ಕೂರಿಸಿದಳು. ನಾದಿನಿ ಮದುವೆಗೆ ಮುಂಚೆ ಇಲ್ಲೇ ಬಿಟ್ಟುಹೋದ ಅಳತೆ ರವಿಕೆ ಗೋಡೆಯ ಗೂಟದಲ್ಲಿತ್ತು, ಅದನ್ನೂ ತಂದು ಕೂರಿಸಿದಳು. ಎರಡಕ್ಕೂ ಬಿಸಿ ಅನ್ನ ಬಡಿಸಿದಳು. ತುಪ್ಪ ಹಾಕಿದಳು. ಹಪ್ಪಳ ಇಟ್ಟಳು. ಸಾಕಾ ಅಂತ ಅಂಗಿಯನ್ನ ಕೇಳಿದಳು. ಅಂಗಿ ಸಾಕು, ಹೊಟ್ಟೆ ತುಂಬ್ತು ಅಂತು. ಚೆನ್ನಾಜಮ್ಮ ಎಲೆ ಎತ್ತಿ, ನೆಲ ಸಾರಿಸಿ, ಪಾತ್ರೆ ಮುಚ್ಚಿಟ್ಟಳು.

ಬೆಳಗ್ಗೆ ದೋಸೆ ಹಾಕಿದಳು. ಅಂಗಿ ತಿಂತು. ಮಧ್ಯಾಹ್ನ ಮುದ್ದೆ ಕಟ್ಟಿದಳು. ಅಂಗಿ ತಿಂತು. ಪುಟ್ಟಲಕ್ಷ್ಮಮ್ಮ, ಇದೇನು ಅತ್ತಿಗೆ ಅನ್ಯಾಯ, ನಮಗೆ ಹಸಿವು ಅಂದಳು. ಹಸಿದವರನ್ನ ಕೇಳಿಕೊಂಡು ಬಡಿಸಬಾರದು ಕಣಮ್ಮ, ಅವರಿಗೆ ಎಲ್ಲಾ ಊಟವೂ ರುಚಿಯಾಗಿರುತ್ತೆ, ಕೆಟ್ಟ ಅಡುಗೆಗೂ ಒಳ್ಳೇ ಹೆಸರು ಬಂದುಬಿಡುತ್ತೆ ಅಂದಳು ಚೆನ್ನಾಜಮ್ಮ. ಪುಟ್ಟಲಕ್ಷ್ಮಮ್ಮ ಬಿರಬಿರನೆ ತನ್ನ ಮನೆಗೆ ಹೊರಟುಹೋದಳು.

ಕೆಂಚರಾಜಪ್ಪ ಎಲ್ಲಿಗೆ ಹೋಗ್ತಾನೆ? ಅವನಿಗೆ ಇದೇ ಮನೆ. ಅವನು ಒಲೆ ಮುಂದೆ ಕೂತ. ಹೊಟ್ಟೆ ತಾಳ ಹಾಕುತ್ತಿತ್ತು. ಎದುರಿಗೆ ತುಪ್ಪದ ಕಲೆಯಾದ ಅಂಗಿ ತೇಗುತ್ತಿತ್ತು. ಹೊಟ್ಟೆ ನೋಯ್ತಿದೆ ಕಣೆ ಅಂದ. ಅಂಗಿಗೆ ನೋಯ್ತಿಲ್ಲವಲ್ಲ ಅಂದಳು. ನೋಯೋದು ಅಂಗಿಗಲ್ಲ, ನನಗೆ, ಇಲ್ಲಿ ಒಳಗೆ ಅಂದ. ಅಂದವನು ಬಾಯಿ ತೆರೆದುಕೊಂಡು ಹಾಗೇ ಕೂತ. ತಾನು ಹೇಳಿದ ಮಾತು ತನ್ನ ಕಿವಿಗೇ ಬಿದ್ದಿತ್ತು. ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ನಿನಗೆ ಎಲ್ಲಿ ನೋಯುತ್ತೆ?"

ಆ ಚಪ್ಪಲಿ ಬಾವಿಗೆ ಬಿದ್ದಾಗಿನಿಂದ ಮೊಳದೂರಿನಲ್ಲಿ ಒಬ್ಬರನ್ನ ಇನ್ನೊಬ್ಬರು ಕೇಳಿರದ ಮಾತು ಅದು. ಚೆನ್ನಾಜಮ್ಮ ಕೈ ಹಿಂದೆ ಹಾಕಿ ಜಾಗ ತೋರಿಸಿದಳು. ಕೆಂಚರಾಜಪ್ಪ ಹೆಬ್ಬೆರಳಿಟ್ಟು ನೋಡಿದ. ಇಲ್ಲಿಯಾ ಅಂದ. ಸ್ವಲ್ಪ ಕೆಳಗೆ ಅಂದಳು. ಇಲ್ಲಿಯಾ ಅಂದ. ಅಲ್ಲೇ ಅಂದಳು. ಅವನು ಎದ್ದುಹೋಗಿ ಆ ಹಸಿರು ರವಿಕೆಯನ್ನ ತಂದು ಅವಳ ಬೆನ್ನಿಗೆ ಹಿಡಿದು ನೋಡಿದ. ಮತ್ತೆ ನೋಡಿದ.

"ರವಿಕೆ ಇಲ್ಲಿಗೇ ಮುಗಿದುಹೋಗುತ್ತಲ್ಲೆ," ಅಂದ.

"ಹೂಂ ರೀ. ನೋವು ಅಲ್ಲಿಂದ ಶುರುವಾಗುತ್ತೆ," ಅಂದಳು ಚೆನ್ನಾಜಮ್ಮ. ಬಂದದ್ದು ಸಿಟ್ಟೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಎರಡೂ ಇರಬೇಕು.

ಕೆಂಚರಾಜಪ್ಪ ಆ ರವಿಕೆಯನ್ನ ಮಡಚಿದ. ಅದು ಹಾರಾಡಿತು, ತೋಳು ಬೀಸಿತು. ಟ್ರಂಕಿಗೆ ಹಾಕಿ, ಮುಚ್ಚಳ ಮುಚ್ಚಿ, ಮೇಲೆ ತಾನೇ ಕೂತ. ಅಷ್ಟರಲ್ಲಿ ಅರಮನೆ ಜವಾನ ಬಂದ. ಟ್ರಂಕಿನ ಒಳಗೆ ಯಾರು ಅಂತ ಗದರಿಸಿ ಕೇಳಿದ. ನಾನು ಚೆನ್ನಾಜಮ್ಮ, ನಾನೇ ಚೆನ್ನಾಜಮ್ಮ, ಬಿಡಿ ನನ್ನ ಅಂತ ಒಳಗಿಂದ ಕೂಗು ಬಂತು. ನಾನೇ ಚೆನ್ನಾಜಮ್ಮ ಅಂತ ಕೂಗುವವಳೇ ತಾನೇ ಒಳಗಿರಬೇಕಾದ್ದು ಅಂತ ಜವಾನ ಸಮಾಧಾನವಾಗಿ ಹೊರಟುಹೋದ. ಚೆನ್ನಾಜಮ್ಮ ಗಂಡನಿಗೆ ಅನ್ನ ಬಡಿಸಿದಳು. ಅವನು ಉಂಡ. ಅವಳೂ ಉಂಡಳು.

ಮಾರನೇ ಬೆಳಗ್ಗೆ ಇಬ್ಬರೂ ಕಾರಂಗಡಿಗೆ ಹೋದರು. ಮನುಷ್ಯಳೇ ಬಂದದ್ದು ನೋಡಿ ರುದ್ರಮುನಿಯ ಕೈಯಿಂದ ಕಾಫಿ ಲೋಟ ಬಿತ್ತು. ಚೆನ್ನಾಜಮ್ಮ ಬದನೇಕಾಯಿ ಕಾರಿನ ಬೀಗದಕೈ ಅವನ ಕೈಗೆ ಹಾಕಿ, ಒಂದೊಂದೇ ಕಾರಿನಲ್ಲಿ ಕೂತಳು. ಕೂತು ಬೈದಳು, ಎದ್ದು ಬೈದಳು. ಇದು ಸೊಂಟಕ್ಕೆ ಗುದ್ದುತ್ತೆ, ಇದರಲ್ಲಿ ಕೂತರೆ ಏಳೋಕೆ ಇಬ್ಬರು ಬೇಕು, ಇದನ್ನ ಮಾಡಿದವನಿಗೆ ಬೆನ್ನೇ ಇರಲಿಲ್ಲವಾ ಅಂತ ಕೇಳಿದಳು. ಜೀವನದಲ್ಲಿ ಮೊದಲ ಸಲ ಮನುಷ್ಯರು ಕೂತದ್ದಕ್ಕೆ ಒಂದು ಕಾರಿಗೆ ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ. ಇನ್ನೊಂದು ಹೆದರಿ ಅತ್ತುಬಿಟ್ಟಿತು. ಕೊನೆಗೆ ಬೂದಿ ಬಣ್ಣದ ಕಾರಿಗೆ ಬಂದಳು. ಕೂತಳು. ಬಯ್ಯಲಿಲ್ಲ. ಕಣ್ಣು ಮುಚ್ಚಿದಳು. ಮಧ್ಯಾಹ್ನದವರೆಗೂ ಏಳಲಿಲ್ಲ.

ರುದ್ರಮುನಿ ತಲೆ ಕೆರೆದುಕೊಳ್ಳುತ್ತಾ, ವಾಪಸ್ಸು ತಗೊಳ್ಳೋಕೆ ಆರಿಸಿದವರು ಬೇಡ ಅನ್ನಬೇಕಿತ್ತಲ್ಲ, ಇದನ್ನ ಕೊಡೋಕೆ ಯಾರಾದರೂ ಒಪ್ಪಬೇಕಲ್ಲ, ಅಳತೆ ಎಲ್ಲಿ ಅಂದ. ಕೂತಿದೀನಲ್ಲ, ಕಾಣಲ್ವಾ ಅಂದಳು ಚೆನ್ನಾಜಮ್ಮ. ಅವಳ ಕಣ್ಣು ನೋಡಿ ಅವನು ಬೀಗದಕೈ ಕೊಟ್ಟ.

ಅಲ್ಲಿಂದ ನೇರ ಗೇಣೂರು. ಬೆಟ್ಟದ ತಿರುವು ಒಂದೊಂದೂ ಹಾದುಹೋಯಿತು. ಬೂದಿ ಕಾರು, ಹೇಗಿದೀರಮ್ಮ, ಎಲ್ಲಿ ಒತ್ತುತ್ತೆ ಹೇಳಿ, ನಿಧಾನ ಹೋಗ್ತೀನಿ ಅಂತ ದಾರಿಯುದ್ದಕ್ಕೂ ವಿಚಾರಿಸಿತು. ಕಲಿತುಬಿಟ್ಟಿತ್ತು ಅದು.

ತಂಗಿ ಮನೆ ಮುಂದೆ ಇಳಿದಳು. ನಡುಮನೆಯ ಉಯ್ಯಾಲೆ ಮೇಲೆ ಹಳದಿ ರವಿಕೆ ಕೂತು ತೂಗಿಕೊಳ್ಳುತ್ತಿತ್ತು. ತಂಗಿಯ ಗಂಡ ಬನ್ನಿ ಬನ್ನಿ ಅಂದ. ತಾಯಮ್ಮ ಎಲ್ಲಿ ಅಂ‌ತ ಕೇಳಿದಳು. ಇಲ್ಲೇ ಕೂತಿದ್ದಾಳಲ್ಲ ಅಂತ ಉಯ್ಯಾಲೆ ತೋರಿಸಿದ. ಈಗ ತುಂಬ ಹುಷಾರಾಗಿದ್ದಾಳೆ, ಬೆನ್ನುನೋವು ಅನ್ನೋದೇ ಇಲ್ಲ, ಹೋದ ಸಲ ನೀವು ಹಸಿರಾಗಿ ಬಂದಿದ್ರಲ್ಲ, ಅವತ್ತು ಎಷ್ಟು ನಕ್ಕಳು ಅಂದ. ಚೆನ್ನಾಜಮ್ಮ ಅವನ ಮುಖವನ್ನೇ ನೋಡಿದಳು.

"ಮಿಕ್ಕಿದ್ದೆಲ್ಲಿಟ್ಟಿದ್ದೀಯ?" ಅಂದಳು.

ಅವನ ಕಣ್ಣು ಮಂಚದ ಕೆಳಗೆ ಹೋಯಿತು.

ಚೆನ್ನಾಜಮ್ಮ ಬಾಗಬಾರದು. ಬಾಗಿದರೆ ಮತ್ತೆ ಏಳೋದು ಯಾವಾಗಲೋ. ಆದರೂ ಅವಳು ನೆಲಕ್ಕೆ ಮಂಡಿಯೂರಿ, ಎರಡು ಕೈಯಲ್ಲೂ ಟ್ರಂಕು ಎಳೆದು ಮುಚ್ಚಳ ತೆಗೆದಳು. ಹಳೇ ಸೀರೆಗಳ ನಡುವೆ, ನುಸಿಗುಳಿಗೆಗಳ ನಡುವೆ, ನಾಲ್ಕು ಮಡಿಕೆಯಾಗಿ ತಾಯಮ್ಮ ಇದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಎಷ್ಟು ಹೊತ್ತೇ ಅಕ್ಕ, ನೀನು ಬರೋದು?" ಅಂದಳು.

"ಅದಿರಲಿ. ಎಲ್ಲಿ ನೋಯುತ್ತೆ, ಮೊದಲು ಹೇಳು," ಅಂದಳು ಚೆನ್ನಾಜಮ್ಮ. ತಂಗಿಯನ್ನ ಒಂದೊಂದೇ ಮಡಿಕೆ ಬಿಡಿಸತೊಡಗಿದಳು.

ಅಲ್ಲಿಗೆ ಕತೆ ಅವರ ಮನೆಯಲ್ಲಿ ಉಳಿಯಿತು, ನಾನು ಬರಿಗೈಲಿ ಬಂದೆ. ಈ ಕತೆಯ ನೀತಿ ಏನು ಅಂತ ನನ್ನನ್ನ ಕೇಳಬೇಡಿ. ಮನೆಗೆ ಹೋಗಿ ನಿಮ್ಮ ನಿಮ್ಮ ಅಂಗಿಗಳನ್ನ ಕೇಳಿಕೊಳ್ಳಿ. ಅವಕ್ಕೆ ಎಲ್ಲ ಹಾಯಾಗಿರುತ್ತೆ.